ನೀಲಕವಚದ ಸೋದರಮಾವ

“ಆ ಮುಖವಾಡದಾಂವ ಯಾರು?” ಕತ್ತಲಲ್ಲಿ ಭಾಗ್ಯಶ್ರೀ ವೈನಿ ಕೇಳಿದರು. ಶೀತಲ ಬಾಯಿ ತೆರೆಯುವಷ್ಟರಲ್ಲಿ ವೈನಿಯ ಆ ಬದಿಯ ಸೀಟಿನಿಂದ ವಿಶ್ವಜಿತನ ಉತ್ತರ ಬಂತು.

“ಹೀರೋನ ಸೋದರಮಾವರಿ, ಅಕ್ಕಾರ.”

ಶೀತಲಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ಪರದೆಯ ಮೇಲಿದ್ದದ್ದು ‘ನೀಲಕವಚ’ದ ಎರಡನೇ ಭಾಗ; ಮೊದಲ ಭಾಗವನ್ನು ಅವಳು ಎಷ್ಟು ಸಲ ನೋಡಿದ್ದಳೋ ಅವಳಿಗೇ ಗೊತ್ತಿಲ್ಲ. ಅದರಲ್ಲಿ ಸೋದರಮಾವ ಎಂಬವನೇ ಇಲ್ಲ. ಮುಖವಾಡದವನು ಕವಚ ತಯಾರಿಸಿದ ವಿಜ್ಞಾನಿ. ಅದನ್ನು ಕದ್ದು ಹಾಕಿಕೊಂಡವನು ಹೀರೋ.

“ಸೋದರಮಾವ ಆಗಿ ಅಳಿಯನ್ನ ಕೊಲ್ಲಾಕ ಬಂದಾನ?”

“ತನ್ನ ಮಗಳನ್ನ ಮಾಡ್ಕೋ ಅಂದಿದ್ದನ್ರಿ. ಇಂವ ಒಲ್ಲೆ ಅಂದ. ಅಲ್ಲಿಂದ ಸಿಟ್ಟು.”

“ಅಯ್ಯ, ಹಂಗೇನು!” ವೈನಿ ಕುರ್ಚಿಯ ಅಂಚಿಗೆ ಸರಿದರು. ಅಲ್ಲಿಯತನಕ ಆಕಳಿಸುತ್ತಿದ್ದವರಿಗೆ ಈಗ ಸಿನಿಮಾ ಹಿಡಿಸತೊಡಗಿತ್ತು.

ಚಹಾದ ತಟ್ಟೆ ಹಿಡಿದು ನಿಲ್ಲುವುದಿಲ್ಲವೆಂದು ಶೀತಲ ಹಟ ಮಾಡಿದ್ದರಿಂದ ಹುಡುಗಿ ನೋಡುವ ಶಾಸ್ತ್ರ ಸಿನಿಮಾ ಮಂದಿರಕ್ಕೆ ಬಂದಿತ್ತು. ವೈನಿ, ಅಂದರೆ ಅಣ್ಣನ ಹೆಂಡತಿ, ಜೊತೆಗಿರಬೇಕು, ನಡುವಿನ ಸೀಟಿನಲ್ಲಿ ಅವಳೇ ಕೂಡಬೇಕು ಎಂಬುದು ಅವ್ವನ ಷರತ್ತು. ಹುಡುಗ ವಿಶ್ವಜಿತನದು ಬೀದರ ಕಡೆಯ ಮನೆತನ, ಇದೇ ಊರಿನ ತಾರ್ನಾಕದಲ್ಲಿ ಬ್ಯಾಂಕ್ ನೌಕರಿ. ಮೊದಲ ಭಾಗ ನೋಡಿದ್ದೀರಾ ಎಂದು ಶೀತಲ ಫೋನಿನಲ್ಲಿ ಕೇಳಿದ್ದಕ್ಕೆ “ಹೂಂರಿ, ಭಾಳ ಸೇರಿತು” ಎಂದಿದ್ದ. ಇವತ್ತು ಮನೆ ಮುಟ್ಟುವುದರೊಳಗೆ ಶೀತಲ ಹೌದು ಅಥವಾ ಬೇಡ ಎನ್ನಬೇಕಿತ್ತು. ಹಿಂದಿನ ಸಂಬಂಧ ನಿಶ್ಚಯದ ಹೊತ್ತಿಗೆ ಮುರಿದುಬಿದ್ದಿತ್ತು. ಆ ಹುಡುಗ ಹೇಳಿಕೊಂಡಿದ್ದ ನೌಕರಿಯೇ ಇರಲಿಲ್ಲ. ಅಂದಿನಿಂದ ಅವಳು ಯಾರದೇ ಸಣ್ಣ ಮಾತನ್ನೂ ತಿರುವಿಹಾಕಿ ನೋಡುತ್ತಿದ್ದಳು.

ಪರದೆಯ ಮೇಲೆ ಕಟ್ಟಡಗಳು ಉರುಳುತ್ತಿದ್ದವು. ಇತ್ತ ವಿಶ್ವಜಿತ್ ಮೆಲುದನಿಯಲ್ಲಿ ಒಂದು ಮನೆತನವನ್ನೇ ಕಟ್ಟುತ್ತಿದ್ದ. ಕವಚ ಹೀರೋನ ತಾಯಿಗೆ ತವರಿನಿಂದ ಬಂದದ್ದು. ಅದನ್ನು ವಾಪಸು ಕೊಡೆಂದು ಮಾವನ ತಕರಾರು. ಕೊನೆಯಲ್ಲಿ ಮುಖವಾಡದವನು ಹೀರೋನನ್ನು ಉಳಿಸಲು ಹೋಗಿ ಸೇತುವೆಯಿಂದ ನದಿಗೆ ಬಿದ್ದಾಗ ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಎಷ್ಟಾದರೂ ರಕ್ತಸಂಬಂಧ,” ಎಂದರು.

ಹೊರಗೆ ಮೆಟ್ಟಿಲ ಮೇಲೆ ಮುಖಕ್ಕೆ ನೀಲಿ ಬಣ್ಣ ಬಳಿದುಕೊಂಡ ಅಭಿಮಾನಿಗಳ ಗುಂಪು. ಮುಖವಾಡದವನು ಸತ್ತ ಎಂದು ತೆಲುಗಿನಲ್ಲಿ ಒಬ್ಬ, ಸತ್ತಿಲ್ಲ ಎಂದು ಹಿಂದಿಯಲ್ಲಿ ಇನ್ನೊಬ್ಬ. ಅವನೇಕೆ ಹೀರೋನನ್ನು ಉಳಿಸಿದ ಎಂಬುದು ಮಾತ್ರ ಯಾರಿಗೂ ಬಗೆಹರಿಯುತ್ತಿಲ್ಲ. ವೈನಿಗೆ ತಡೆಯಲಾಗಲಿಲ್ಲ.

“ಸಗಾ ಮಾಮೂ ಹೈ ಬಾಬಾ! ಬೇಟೀ ಕಾ ರಿಶ್ತಾ ತೋಡೇ ತೋ ಗುಸ್ಸಾ ನಹೀಂ ಆತಾ ಕ್ಯಾ?”

ಸ್ವಂತ ಸೋದರಮಾವ, ಮಗಳ ಸಂಬಂಧ ಮುರಿದರೆ ಸಿಟ್ಟು ಬರದೇ ಇರುತ್ತದೆಯೇ ಎಂಬ ಈ ಮಾತಿಗೆ ಗುಂಪೆಲ್ಲ ವೈನಿಯತ್ತ ತಿರುಗಿತು. “ಕೌನ್ ಮಾಮೂ, ಆಂಟೀ?” ಎಂದ ಒಬ್ಬ. ಪರದೆಯ ಮೇಲೆ ಕಲಾವಿದರ ಹೆಸರುಗಳೆಲ್ಲ ಮುಗಿದ ಮೇಲೆ ಇನ್ನೊಂದು ದೃಶ್ಯ ಇತ್ತೇನೋ, ತಪ್ಪಿಸಿಕೊಂಡೆವೇನೋ ಎಂದು ಮತ್ತೊಬ್ಬ ಬಾಗಿಲಿನತ್ತ ಓಡಿದ. ಕನ್ನಡಕದ ಹುಡುಗಿಯೊಬ್ಬಳು ನಿಧಾನವಾಗಿ ಹೇಳಿದಳು: ಮೊದಲ ಭಾಗದಲ್ಲಿ ಅವನು ಹೀರೋನ ತಾಯಿಯ ಫೋಟೋ ಕೈಯಲ್ಲಿ ಹಿಡಿದು ನಿಂತಿದ್ದನಲ್ಲ, ಯಾಕೆ?

ಹಿಡಿದಿದ್ದ. ಶೀತಲಗೆ ನೆನಪಿತ್ತು. ಅಷ್ಟು ಸಲ ನೋಡಿಯೂ ತಾನೇ ಏನನ್ನೋ ಗಮನಿಸಿರಲಿಲ್ಲವೇ ಎಂದು ಅವಳಿಗೆ ಒಂದು ಗಳಿಗೆ ಅನಿಸಿತು. ಹುಡುಗರು ಈಗ ವೈನಿಯ ಸುತ್ತ ನೆರೆದು ಮಾವನ ಬಗ್ಗೆ ಪ್ರಶ್ನೆ ಕೇಳುತ್ತಿದ್ದರು. ವಿಶ್ವಜಿತ್ ಕಂಬದ ಹಿಂದೆ ಸರಿದು ನಿಂತಿದ್ದ. ಶೀತಲ ಅಲ್ಲಿಗೇ ಹೋದಳು.

“ಮೊದಲನೇ ಭಾಗ ನೋಡೀರೇನು?”

“ಇಲ್ರಿ.”

“ಮತ್ತ ಇಷ್ಟೆಲ್ಲ?”

“ಅಕ್ಕಾರು ಕೇಳಾಕತ್ತಿದ್ರು. ಗೊತ್ತಿಲ್ಲ ಅಂದಿದ್ರ ಪಾಪ, ಪೂರಾ ಸಿನಿಮಾ ಬ್ಯಾಸರದಾಗ ಕೂಡ್ತಿದ್ರು.”

“ನಾನು ಕೇಳಿದ್ರ?”

“ನೀವು ಕೇಳಿದ್ರಿ, ಹೇಳಿದೆ. ಈಗ.”

“ಫೋನಿನ್ಯಾಗೂ ಕೇಳಿದ್ದೆ.”

ಅವನು ಬೂಟಿನ ತುದಿ ನೋಡಿದ. “ಅಕ್ಕಾರಿಗೆ ಹೇಳಬ್ಯಾಡ್ರಿ. ಮನಸ್ಸಿಟ್ಟು ಅತ್ತಾರ,” ಎಂದ. ಅದನ್ನು ಅವನು ವೈನಿಗಾಗಿ ಕೇಳಿದನೋ ತನಗಾಗಿ ಕೇಳಿದನೋ, ಮುಖ ನೋಡಿದರೂ ಶೀತಲಗೆ ತಿಳಿಯಲಿಲ್ಲ.

ವಿಶ್ವಜಿತನನ್ನು ಬೀಳ್ಕೊಟ್ಟು, ತಮ್ಮ ಮನೆಯಿದ್ದ ದಿಲ್‌ಸುಖ್‌ನಗರಕ್ಕೆ ಹೋಗುವ ಮೆಟ್ರೊದಲ್ಲಿ ವೈನಿ ಅವ್ವನಿಗೆ ಫೋನು ಹಚ್ಚಿದರು. “ಹುಡುಗ ಭಾಳ ಛಲೋ ಅದಾನರಿ, ಅತ್ತಿ. ಏನ್ ಕೇಳಿದ್ರೂ ಪಟ್ಟಂತ ಹೇಳ್ತಾನ. ಮುಚ್ಚಿಡೂ ಪೈಕಿ ಅಲ್ಲ... ಈಕೀನ ಏನೂ ಅನವಲ್ಲಳು. ಕೇಳಿ ಮತ್ತ ಫೋನ್ ಹಚ್ತೀನ್ರಿ.”

ಶೀತಲ ಮಾತು ಜೋಡಿಸಿಕೊಳ್ಳತೊಡಗಿದಳು. ಎಲ್ಲಿಂದ ಶುರು ಮಾಡುವುದು? ಸುಳ್ಳು ಹೇಳಿದ ಎನ್ನುವುದೇ? ಬೇಸರಪಡುತ್ತಿದ್ದ ಒಬ್ಬರನ್ನು ಸಿನಿಮಾ ಮುಗಿಯುವತನಕ ನೋಡಿಕೊಂಡ ಎನ್ನುವುದೇ? ಎರಡೂ ನಿಜವಾಗಿತ್ತು, ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಎರಡೂ ಸುಳ್ಳಾಗುತ್ತಿತ್ತು.

ವೈನಿ ಫೋನು ಚೀಲಕ್ಕೆ ಹಾಕಿ ಅವಳತ್ತ ತಿರುಗಿದರು. ಅವರ ಕಣ್ಣು ಇನ್ನೂ ಕೆಂಪಗಿತ್ತು.

“ಶೀತಲ, ಖರೆ ಹೇಳು.”

“ಕೇಳ್ರಿ.”

“ಮಾವ ನದ್ಯಾಗ ಬಿದ್ದನಲ್ಲ, ಹೆಣ ತೋರಿಸಲಿಲ್ಲ. ಮುಂದಿನ ಭಾಗದಾಗ ಬರ್ತಾನೋ ಇಲ್ಲೋ?”

“ಬರ್ತಾನರಿ, ವೈನಿ,” ಶೀತಲಳ ಬಾಯಿಂದ ಪಟ್ಟನೆ ಬಂತು. “ಮಗಳ ಮದುವಿಗೆ ಬರ್ತಾನ.”