ಬಣ್ಣಕ್ಕೆ ಮುಂಚೆ

"ಯಾವಾಗ ಮುಗಿಸಿಕೊಡ್ಬೇಕು ಸಾರ್?" ನಡುಮನೆಯ ಗೋಡೆ ತಟ್ಟಿ ನೋಡುತ್ತ ಪೇಂಟಿಂಗ್ ಕಂಟ್ರಾಕ್ಟರ್ ಕೇಳಿದ.

"ಆದಷ್ಟು ಬೇಗ. ತುಂಬಾ ಜನ ಬರ್ತಾರೆ."

"ಮದುವೇನಾ? ಯಾವತ್ತು?"

ಮನೆಯ ಯಜಮಾನ ಪಕ್ಕದ ಕೋಣೆಯತ್ತ ನೋಡಿದ. ಡಾಕ್ಟರು ಕೈಚೆಲ್ಲಿದ ಮೇಲೆ ಅಮ್ಮನನ್ನು ಆಸ್ಪತ್ರೆಯಿಂದ ತಂದು ಅಲ್ಲೇ ಮಲಗಿಸಿದ್ದ. ಬಾಗಿಲು ಅರ್ಧ ತೆರೆದಿತ್ತು.

"ಹೂಂ, ಮಗಳ ಮದುವೆ," ಒಳಗೂ ಕೇಳಿಸಲೆಂದು ದನಿ ಎತ್ತಿ ಹೇಳಿದ. ಆಮೇಲೆ ತಲೆ ತಗ್ಗಿಸಿದ. "ದಿನ ಇನ್ನೂ ಗೊತ್ತಾಗಿಲ್ಲ."

"ಒಳ್ಳೇದಾಗ್ಲಿ ಸಾರ್. ಈ ಫೋಟೋ ಇಳಿಸಿಬಿಡಿ, ನಾಳೆಯಿಂದಲೇ ಶುರು ಮಾಡ್ತೀನಿ."

ಹಾರ ಹಾಕಿದ್ದ ಅಪ್ಪನ ಫೋಟೋಗೆ ಯಜಮಾನ ಕೈ ಚಾಚುವಷ್ಟರಲ್ಲಿ ಕೋಣೆಯೊಳಗಿಂದ ಅಮ್ಮನ ಸಣ್ಣ ದನಿ ಬಂತು:

"ಅಪ್ಪನ ಪಕ್ಕ ಇನ್ನೊಂದು ಮೊಳೆ ಈಗ್ಲೇ ಹೊಡೆಸಿಬಿಡೋ ಮಗಾ. ಬಣ್ಣ ಆದ್ಮೇಲೆ ಹೊಡೆದ್ರೆ ಗೋಡೆ ಹಾಳಾಗುತ್ತೆ."