ಮೂರನೆಯ ಭರಣಿ

ಕೆಂಪನೆಯ ತುತ್ತು ಗಂಟಲಿಗಿಳಿದ ಮೇಲೆಯೇ ಅಶ್ವತ್ಥ ಮೇಷ್ಟ್ರಿಗೆ ತಮ್ಮ ಲೆಕ್ಕ ತಪ್ಪಿದ್ದು ಗೊತ್ತಾಯಿತು. ವಿಜಯವಾಡದ ಅತ್ತೆಮನೆಯಲ್ಲಿ ಹೊಸ ಅಳಿಯನ ಮೊದಲ ಊಟ. ಅತ್ತೆ ಕೋಟೇಶ್ವರಮ್ಮ ಉಪ್ಪಿನಕಾಯಿಯ ಮೂರು ಭರಣಿ ಸಾಲಾಗಿಟ್ಟು, "ಇದು ಖಾರ, ಅದು ಇನ್ನೂ ಖಾರ, ಕೊನೇದು ಎಲ್ಲಕ್ಕಿಂತ ಖಾರ. ನಿಮ್ಮ ಮೈಸೂರು ನಾಲಿಗೆಗೆ ಮೊದಲನೇದೇ ಸಾಕಂಡಿ" ಎಂದಿದ್ದರು. ಮೈಸೂರಿನ ಮಾನದ ಪ್ರಶ್ನೆ! ಮೊದಲನೆಯದು ಗೋಂಗೂರ ಸೊಪ್ಪಿನದು, ಗೆದ್ದರು. ಎರಡನೆಯದು ಮಾವಿನ ಆವಕಾಯಿ, ಅದಕ್ಕಿಂತ ಒಂದು ಚೂರು ಹೆಚ್ಚು, ಅದನ್ನೂ ಗೆದ್ದರು. ಮೂರನೆಯದು ಇನ್ನೊಂದು ಚೂರು ಹೆಚ್ಚಿದ್ದೀತು, ಅಷ್ಟೇ ತಾನೇ ಎಂದುಕೊಂಡು ಹಣ್ಣುಮೆಣಸಿನಕಾಯಿಯ ಕೊರಿವಿಕಾರವನ್ನು ಅನ್ನಕ್ಕೆ ಧಾರಾಳವಾಗಿ ಕಲೆಸಿದ್ದರು.

ತುಪ್ಪ ಬಡಿಸಲು ನಿಂತಿದ್ದ ನಾದಿನಿ ನಾಗಮಣಿ ಮುಸಿಮುಸಿ ನಕ್ಕಳು. ವಿಶಾಖಪಟ್ಟಣದ ಕಾಲೇಜಿನಲ್ಲಿ ಅವಳಿಗೆ ಸ್ಟ್ಯಾಟಿಸ್ಟಿಕ್ಸ್ ಕಲಿಸುವವರು ಈ ಬಾವನೇ. ಒಂದು, ಎರಡು, ಮೂರು ಎಂಬ ಶ್ರೇಣಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂದಷ್ಟೇ ಹೇಳುತ್ತದೆ, ಎಷ್ಟು ಹೆಚ್ಚು ಎಂದು ಹೇಳುವುದಿಲ್ಲ ಎಂಬುದು ಅವರ ಪಾಠ. 'ಮೂರನೆಯದು ಮೊದಲನೆಯದರ ಮೂರು ಪಟ್ಟು' ಎಂದು ಬರೆದಿದ್ದಕ್ಕೆ ಹೋದ ವಾರವಷ್ಟೇ ಅವಳ ಉತ್ತರಕ್ಕೆ ದಪ್ಪ ಸೊನ್ನೆ ಸುತ್ತಿದ್ದರು.

ಈಗ ಮೇಷ್ಟ್ರ ಕಿವಿಯಿಂದ ಹೊಗೆ ಬರುವುದೊಂದೇ ಬಾಕಿ. "ಅಯ್ಯಯ್ಯೋ ಅಳಿಯಂದಿರೇ, ಆವಕಾಯಿಗಿಂತ ಅಷ್ಟು ಖಾರವಾ?" ಎಂದು ಅತ್ತೆ ಗಾಬರಿಯಾದರು. ಮೇಷ್ಟ್ರು ಎಂಜಲುಗೈಯನ್ನೂ ಸೇರಿಸಿ ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಿದರು.

"ಹತ್ತು ಪಟ್ಟಾ, ಬಾವಗಾರೂ?" ನಾಗಮಣಿ ತುಪ್ಪದ ಗಿಂಡಿಯನ್ನು ಬೆನ್ನ ಹಿಂದೆ ಹಿಡಿದಳು. "ಮೊದಲು ನನ್ನ ಮಾರ್ಕ್ಸ್ ವಾಪಸ್ ಕೊಡಿ. ಆಮೇಲೆ ತುಪ್ಪ."