ಹತ್ತಕ್ಕೆ ಸೊನ್ನೆ

“ಹುಡುಗನ ಜೊತೆ ನಾನೊಬ್ಬಳೇ ಮಾತಾಡಬೇಕು” ಎಂದು ಅನ್ನಪೂರ್ಣಾ ಹಟ ಹಿಡಿದಾಗ ಪಡಸಾಲೆಯಲ್ಲಿ ಕೂತವರೆಲ್ಲ ಮುಖ ಮುಖ ನೋಡಿಕೊಂಡರು. ತಂದೆ ಸಂಗಪ್ಪ ತಲೆ ತಗ್ಗಿಸಿದ. ಇದು ಐದನೆಯ ವರ. ಮಗಳು ಸವದತ್ತಿಯ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸತೊಡಗಿದ ಮೇಲೆ ನಾಲ್ಕು ಜನ ಬಂದು, ಅವಲಕ್ಕಿ ತಿಂದು, ಹೋಗಿದ್ದರು.

ಮಾಳಿಗೆಯ ಮೇಲೆ, ಒಣಹಾಕಿದ ಶಾವಿಗೆಯನ್ನು ತುಳಿಯದಂತೆ ಹುಡುಗ ನಿಂಗರಾಜ ಒಂದು ಮೂಲೆಗೆ ನಿಂತ. ನವಿಲುತೀರ್ಥದ ನೀರಾವರಿ ಕಚೇರಿಯಲ್ಲಿ ಅವನ ನೌಕರಿ. ಅನ್ನಪೂರ್ಣಾ ಮಡಚಿದ ಹಾಳೆ ಬಿಡಿಸಿದಳು.

“ತಪ್ಪು ತಿಳ್ಕೋಬ್ಯಾಡ್ರಿ. ಒಂದೇ ನಮೂನಿ ಸ್ವಭಾವದವರು ಚೊಲೊ ಹೊಂದಕೋತಾರ ಅಂತ ನಮ್ಮ ಶಾಸ್ತ್ರದಾಗ ಐತಿ. ಹತ್ತು ಪ್ರಶ್ನಿ ಅದಾವು.”

“ಕೇಳ್ರಿ.”

“ಮುಂಜಾನೆ ಎಷ್ಟಕ್ಕ ಏಳತೀರಿ?”

“ಕಚೇರಿಗೆ ಸೂಟಿ ಇದ್ರ ಊಟದ ಹೊತ್ತಿಗೆ.”

ಅವಳು ಏಳುತ್ತಿದ್ದದ್ದು ಐದಕ್ಕೆ. ಹಾಳೆಯಲ್ಲಿ ಸೊನ್ನೆ ಬಿತ್ತು.

“ಓದತೀರಿ?”

“ಎರಡನೇ ಪುಟಕ್ಕ ನಿದ್ದಿ ಹತ್ತತೈತ್ರಿ.”

“ಸಿಟ್ಟು ಬಂದ್ರ?”

“ಒದರ್‍ಯಾಡತೇನಿ. ಅರ್ಧ ತಾಸಿಗೆ ಮರತ ಬಿಡತೇನಿ. ನೀವು?”

“ಮೂರು ದಿನ ಮಾತು ಬಿಡತೇನಿ” ಎಂದವಳು, ಪ್ರಶ್ನೆ ಕೇಳಬೇಕಾದವಳು ತಾನು ಎಂದು ನೆನಪಾಗಿ ಮತ್ತೆ ಹಾಳೆ ನೋಡಿದಳು.

ಹತ್ತೂ ಮುಗಿದವು. ಒಂದರಲ್ಲೂ ಇಬ್ಬರ ಉತ್ತರ ಹೊಂದಿರಲಿಲ್ಲ.

“ಹತ್ತಕ್ಕ ಸೊನ್ನಿ ಬಿತ್ತಲ್ಲರಿ!” ನಿಂಗರಾಜ ಬಗ್ಗಿ ನೋಡಿ ನಕ್ಕುಬಿಟ್ಟ. “ಮೊದಲ ಬಂದವರಿಗೆ ಎಷ್ಟು ಬಿದ್ದಿದ್ವು?”

“ಒಬ್ಬರಿಗೆ ಒಂಬತ್ತು.”

“ಮತ್ತ ಅವರನ್ನ ಯಾಕ ಒಲ್ಲೆ ಅಂದ್ರಿ?”

ಅನ್ನಪೂರ್ಣಾ ಹಾಳೆ ಮಡಚಿದಳು. “ಪ್ರಶ್ನಿ ಮುಗಿದ ಮ್ಯಾಲೆ ಮಾತಾಡಾಕ ಏನೂ ಉಳೀಲಿಲ್ಲ.” ಆಮೇಲೆ ದನಿ ತಗ್ಗಿಸಿದಳು. “ಖರೇ ಹೇಳತೇನ್ರಿ, ನನಗ ಅಂಜಿಕಿ. ಆರಿಸೂದು ಒಂದ ಸಲ. ತಪ್ಪಿದ್ರ?”

“ಅಂಜಿಕಿ ನನಗೂ ಐತ್ರಿ. ನೀವು ಹಾಳಿ ತಂದ್ರಿ, ನಾ ಬರೇ ಕೈಲೆ ಬಂದೇನಿ.”

ಅವಳಿಗೆ ನಗು ತಡೆಯಲಾಗಲಿಲ್ಲ. ನಂತರ ಅವನು ಡ್ಯಾಮಿನ ಗೇಟು ತೆರೆದ ದಿನದ ಸಪ್ಪಳ ಹೇಳಿದ. ಅವಳು ತರಗತಿಯಲ್ಲಿ ಹಿಂದಿನ ಬೆಂಚಿನವರ ಆಟ ಹೇಳಿದಳು. ಓದು ಒಳ್ಳೆಯದೋ ನಿದ್ದೆ ಒಳ್ಳೆಯದೋ ಎಂದು ಜಗಳವೂ ಆಯಿತು. ಕೈಯಲ್ಲಿದ್ದ ಹಾಳೆ ಯಾವಾಗ ಜಾರಿ ಶಾವಿಗೆಯ ಮೇಲೆ ಬಿತ್ತೋ, ಇಬ್ಬರೂ ನೋಡಲಿಲ್ಲ.

ಕೆಳಗಿನಿಂದ ಸಂಗಪ್ಪ ಅಳುಕುತ್ತಲೇ ಕೂಗಿದ: “ಅವ್ವಾ, ಮುಗೀತೇನು?”

ಅನ್ನಪೂರ್ಣಾ ನಿಂಗರಾಜನ ಮುಖ ನೋಡಿದಳು.

“ಇಲ್ಲಪ್ಪಾ,” ಎಂದಳು, “ಇನ್ನೂ ಭಾಳ ಪ್ರಶ್ನಿ ಅದಾವು.”